40 ಕುರಿ ಇರುವವರಿಗೆ ಸರ್ಕಾರದ ಯಾವ ನೆರವು ಹೊಂದುತ್ತದೆ? ಅನುಗ್ರಹ, ವಿಮೆ, ಎನ್‌ಎಲ್‌ಎಂ, ಕೆಸಿಸಿ

ಮಂದೆ_40

ಹಿಂಡಿನ ವಿವರ ಮೊದಲು ಹೇಳಿಬಿಡುತ್ತೇನೆ. 40 ಹೆಣ್ಣು ಕುರಿ, 2 ಟಗರು, ಎಲ್ಲ ಬಳ್ಳಾರಿ ತಳಿ. ಜಮೀನು 2 ಎಕರೆ, ಮಳೆಯಾಶ್ರಯ. ಸುಗ್ಗಿ ಮುಗಿದ ಮೇಲೆ ನಾಲ್ಕು ತಿಂಗಳು ಮಂದೆ ತುಂಗಭದ್ರಾ ಕಾಲುವೆ ಬಯಲಲ್ಲಿ ಇರುತ್ತದೆ, ಉಳಿದ ಎಂಟು ತಿಂಗಳು ಊರಲ್ಲಿ. ವಿಮೆ ಇಲ್ಲ, ಕಿವಿ ಓಲೆ (ಸಂಖ್ಯೆ ಇರುವ ಗುರುತಿನ ಬಿಲ್ಲೆ) ಇಲ್ಲ, ಸಂಘದ ಸದಸ್ಯತ್ವವೂ ಇಲ್ಲ.

ಕೇಳಬೇಕಾದದ್ದು ಎರಡು. ಕೇಂದ್ರದ ಯೋಜನೆಯಲ್ಲಿ 10 ಲಕ್ಷ ಸಬ್ಸಿಡಿ ಇದೆ, ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಲು 15,000 ಕೊಡಿ ಎನ್ನುವ ಏಜೆಂಟರ ಮಾತು ನಂಬಬಹುದೇ? ಕುರಿ ಸತ್ತರೆ ಪರಿಹಾರ ಸಿಗುತ್ತದೆ ಎನ್ನುತ್ತಾರಲ್ಲ, ಅದಕ್ಕೆ ಏನೇನು ಬೇಕು?

ಸಂಘದ_ಕಾರ್ಯದರ್ಶಿ

ಮೊದಲನೆಯದಕ್ಕೆ ಉತ್ತರ: ಯೋಜನೆ ನಿಜ, ನಿಮ್ಮ ಹಿಂಡಿಗೆ ಅದು ಹೊಂದುವುದಿಲ್ಲ. ಅದು ರಾಷ್ಟ್ರೀಯ ಜಾನುವಾರು ಮಿಷನ್, ಎಲ್ಲರೂ ಎನ್‌ಎಲ್‌ಎಂ ಎನ್ನುತ್ತಾರೆ. ಅದರಲ್ಲಿ ಅತಿ ಚಿಕ್ಕ ಘಟಕವೇ 100 ಹೆಣ್ಣು, 5 ಟಗರು. 40 ಕುರಿಗೆ ಅಲ್ಲಿ ಜಾಗವಿಲ್ಲ. ಅರ್ಜಿ ಹಾಕುವುದು ಆನ್‌ಲೈನ್ ಪೋರ್ಟಲ್‌ನಲ್ಲಿ, ಅದಕ್ಕೆ ಶುಲ್ಕ ಇಲ್ಲ. ರಿಪೋರ್ಟ್ ಬರೆಸಲು ಯಾರಿಗಾದರೂ ಕೂಲಿ ಕೊಡುವುದು ನಿಮ್ಮ ಇಷ್ಟ. ಆದರೆ ಸಬ್ಸಿಡಿ ಮಾಡಿಸಿಕೊಡುತ್ತೇನೆ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಮಂಜೂರಾತಿ ಅವರ ಕೈಯಲ್ಲಿಲ್ಲ.

ನಿಮ್ಮಂಥ ಹಿಂಡಿಗೆ ಹೊಂದುವ ದಾರಿಗಳು ಬೇರೆ. ಸತ್ತ ಕುರಿಗೆ ಅನುಗ್ರಹ ಯೋಜನೆ ಇದೆ, ರಿಯಾಯಿತಿ ಪ್ರೀಮಿಯಂನ ವಿಮೆ ಇದೆ, ಮೇವು ಔಷಧಿಯ ಖರ್ಚಿಗೆ ಪಶುಪಾಲಕರ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದ ಸದಸ್ಯರಾದರೆ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ಯೋಜನೆಗಳೂ ಸಿಗುತ್ತವೆ.

ಸದಸ್ಯತ್ವವನ್ನು ಜನ ಕಡೆಗಣಿಸುತ್ತಾರೆ, ಅಲ್ಲೇ ತಪ್ಪುತ್ತದೆ. 2022-23ರಲ್ಲಿ ಬಂದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯನ್ನೇ ನೋಡಿ. 20 ಹೆಣ್ಣು, 1 ಟಗರಿನ ಘಟಕಕ್ಕೆ 1,75,000 ರೂಪಾಯಿ. ಅದರಲ್ಲಿ ಅರ್ಧ, ಅಂದರೆ 87,500, ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದ ಸಾಲ. 43,750 ರಾಜ್ಯದ ಸಹಾಯಧನ, 43,750 ಫಲಾನುಭವಿಯ ಪಾಲು. ಗುರಿ ಇಟ್ಟುಕೊಂಡದ್ದು 20,000 ಕುರಿಗಾಹಿಗಳಿಗೆ. ಇದು ಸಂಘದ ಸದಸ್ಯರಿಗೆಂದೇ ಬಂದದ್ದು. ಪ್ರಕಟಣೆ ಹೊರಟ ಮೇಲೆ ಸದಸ್ಯತ್ವಕ್ಕೆ ಬಂದವರ ಅರ್ಜಿ ಸ್ವೀಕರಿಸುವಷ್ಟರಲ್ಲಿ ಪಟ್ಟಿ ಹೋಗಿಬಿಟ್ಟಿರುತ್ತದೆ. ಈಗಲೇ ಷೇರು ಕಟ್ಟಿ ರಸೀದಿ ಪಡೆದು, ನಿಮ್ಮ ಹೆಸರು ಸದಸ್ಯರ ನೋಂದಣಿ ಪುಸ್ತಕದಲ್ಲಿ ಬಂದಿದೆಯೇ ಎಂದು ಕಣ್ಣಾರೆ ನೋಡಿ.

ಇನ್ನೊಂದು ಮಾತು. 1,75,000ವನ್ನು 21 ಪ್ರಾಣಿಗೆ ಹಂಚಿದರೆ ತಲಾ 8,333 ಬರುತ್ತದೆ. ಗಬ್ಬ ನಿಂತ, ಎರಡು ಹಲ್ಲಿನ ಒಳ್ಳೆ ಹೆಣ್ಣು ಕುರಿ ಇವತ್ತು ಆ ದರಕ್ಕೆ ಸಿಗುವುದು ಕಷ್ಟ. ದರ ಹೊಂದಿಸಲು ಹಲ್ಲು ಸವೆದ ಮುದಿ ಕುರಿ ತಂದು ಸಂಖ್ಯೆ ತುಂಬಿಸಿದರೆ ಸಾಲ ಉಳಿಯುತ್ತದೆ, ಮರಿ ಬರುವುದಿಲ್ಲ. ಕೈಯಿಂದ ಸ್ವಲ್ಪ ಹೆಚ್ಚು ಹಾಕಿಯಾದರೂ ಹಲ್ಲು, ಕೆಚ್ಚಲು, ಕಾಲು ನೋಡಿ ತನ್ನಿ.

ಕೊಪ್ಪಳ_ಕೆಂಗುರಿ

ಕಾರ್ಯದರ್ಶಿ ಅಣ್ಣಾರ ಹೇಳಿದ್ದು ಖರೇ ಐತ್ರಿ. ಆದರ ಒಂದ ಮಾತ ಸೇರಸ್ತೀನಿ. ಈ ಯೋಜನಾ ಬರಿಯೋರ ಕಣ್ಣಾಗ ಕುರಿ ಅಂದ್ರ ಶೆಡ್ಡಿನಾಗ ಇರೂದು. ಬಯಲಾಗ ತಿರುಗೋ ಹಿಂಡಿಗೆ ಅರ್ಜಿ ಬ್ಯಾರೆ ಥರ ತಯಾರ ಮಾಡಬೇಕು. ಮಾಲಕನ ವಿಳಾಸ ಒಂದ ತಾಲ್ಲೂಕಿನಾಗ, ಕುರಿ ಸತ್ತದ್ದು ಇನ್ನೊಂದ ಜಿಲ್ಲಾದಾಗ. ಕಾಗದ ಅಲ್ಲೇ ಸಿಕ್ಕೊಂಡ್ ಬೀಳತಾವ.

ಅದಕ್ಕ ಹಿಂಡು ಹೊರಡೂಕಿಂತ ಮೊದಲ ಊರ ಪಶು ಆಸ್ಪತ್ರಿಯಾಗ ಒಂದ ಪತ್ರ ಬರಸ್ಕೋರಿ: ಎಷ್ಟ ಕುರಿ, ಎಷ್ಟ ಟಗರು, ಎಷ್ಟ ಮರಿ, ಓಲಿ ನಂಬರು, ಲಸಿಕಿ ಹಾಕಿದ ತಾರೀಕು, ಯಾವ ದಾರಿ ಹಿಡದು ಯಾವ ಯಾವ ತಾಲ್ಲೂಕಿಗೆ ಹೊಂಟಾವ ಅಂತ. ಅದರ ಫೋಟೋ ಫೋನಿನಾಗ ಇರಲಿ, ಮೂಲ ಪ್ರತಿ ಹಿಂಡಿನ ಸಂಗಾಟ ಹೋಗೋರ ಕಡೆ ಇರಲಿ. ಕಳವಾದ್ರ ಪೊಲೀಸ್ ದೂರಿಗೂ ಅದ ಆಧಾರ. ಓಲಿ ನಂಬರ ಇಲ್ದ "ಬಿಳಿ ಕುರಿ 6, ಕರಿ ಕುರಿ 4" ಅಂತ ದೂರ ಕೊಟ್ರ ಸಂತ್ಯಾಗ ಹಿಡದು ತೋರಸೂದು ಹೆಂಗ?

ವಲಸಿ ಕುರಿಗಾರರ ರಕ್ಷಣಾಕ್ಕಂತ 2025ರಾಗ ವಿಧಾನಮಂಡಲದಾಗ ಕಾನೂನ ಪಾಸ್ ಆಗೇತಿ. ಅದರ ಲಾಭ ಬೇಕಂದ್ರೂ ನಾವು ಪಾರಂಪರಿಕ ವಲಸಿ ಕುರಿಗಾರರು ಅನ್ನೂದಕ್ಕ ದಾಖಲಿ ಬೇಕ ಬೇಕು. ಪ್ರತಿ ವರ್ಷದ ಆ ಪತ್ರ ತಗದ ಇಟ್ರ ನಾಳೆ ಅದ ಸಾಕ್ಷಿ ಆಗತೈತಿ.

ಪಶುವೈದ್ಯೆ

ಸಾವಿನ ಪರಿಹಾರದ ಬಗ್ಗೆ ವಿವರವಾಗಿ ಬರೆಯುತ್ತೇನೆ, ಹೆಚ್ಚು ಅರ್ಜಿಗಳು ಬೀಳುವುದು ಇಲ್ಲೇ.

ಅನುಗ್ರಹ ಯೋಜನೆಯಲ್ಲಿ ಮೊದಲು ದೊಡ್ಡ ಕುರಿ ಮೇಕೆಗೆ 5,000, ಮೂರರಿಂದ ಆರು ತಿಂಗಳ ಮರಿಗೆ 3,500 ಇತ್ತು. 2025-26ರ ಬಜೆಟ್‌ನಲ್ಲಿ ಅದನ್ನು 7,500 ಮತ್ತು 5,000ಕ್ಕೆ ಏರಿಸಿದರು. ಮೂರು ತಿಂಗಳೊಳಗಿನ ಮರಿ ಇದರಲ್ಲಿ ಬರುವುದಿಲ್ಲ. ಆಕಸ್ಮಿಕವಾಗಿ ಅಥವಾ ರೋಗದಿಂದ ಸತ್ತದ್ದಕ್ಕೆ ಮಾತ್ರ. ಕಡಿದು ಮಾರಿದ್ದು, ಕಳವಾದದ್ದು ಸೇರುವುದಿಲ್ಲ.

ಸಾವಿನ ಕಾರಣಕ್ಕೆ ತಕ್ಕಂತೆ ಬಾಗಿಲು ಬದಲಾಗುತ್ತದೆ. ರೋಗದಿಂದ ಸತ್ತರೆ ಪಶು ಆಸ್ಪತ್ರೆ. ಪ್ರವಾಹ, ಸಿಡಿಲಿನಂಥ ವಿಕೋಪದಲ್ಲಿ ಸತ್ತರೆ ತಹಶೀಲ್ದಾರ್ ಕಚೇರಿ. ಅಲ್ಲಿ ವಿಪತ್ತು ಪರಿಹಾರ ನಿಧಿಯ ದರ ಕುರಿಗೆ 4,000, ಒಂದು ಕುಟುಂಬಕ್ಕೆ ಹೆಚ್ಚೆಂದರೆ 30 ಕುರಿ ಮೇಕೆ. ಚಿರತೆ ಹಿಡಿದರೆ ಅರಣ್ಯ ಇಲಾಖೆಯ ವಲಯ ಕಚೇರಿ. ಚಿರತೆ ಹಿಡಿದ ಕುರಿಯ ಕಳೇಬರವನ್ನು ಅವರು ಬಂದು ಪಂಚನಾಮೆ ಮಾಡುವವರೆಗೆ ಇದ್ದ ಜಾಗದಿಂದ ಎತ್ತಬೇಡಿ. ಕುತ್ತಿಗೆಯ ಹಲ್ಲಿನ ಗುರುತು, ಎಳೆದ ಜಾಡು, ಹೆಜ್ಜೆ, ಇವೇ ಅಲ್ಲಿ ಸಾಕ್ಷಿ. ಒಂದೇ ಸಾವಿಗೆ ಎರಡು ಕಡೆ ಹಣ ಕೇಳಿದರೆ ಎರಡೂ ಕೈತಪ್ಪಬಹುದು.

ರೋಗದ ಸಾವಿನಲ್ಲಿ ಮುಖ್ಯವಾದದ್ದು ಹೊತ್ತು. ಕರುಳುಬೇನೆಯಿಂದ ಸತ್ತ ಕುರಿ ಬೇಸಿಗೆಯಲ್ಲಿ ಕೆಲವೇ ತಾಸಿನಲ್ಲಿ ಉಬ್ಬಿ ಕೊಳೆಯುತ್ತದೆ. ಮೂತ್ರಪಿಂಡ ಮೆತ್ತಗಾಗುವುದು ಆ ರೋಗದ ಗುರುತು, ಆದರೆ ಕೊಳೆತ ಕುರಿಯಲ್ಲಿ ಎಲ್ಲ ಅಂಗವೂ ಮೆತ್ತಗೇ ಇರುತ್ತದೆ. ಬೆಳಗ್ಗೆ ಸತ್ತದ್ದನ್ನು ಸಂಜೆ ಕರೆದು ತೋರಿಸಿದರೆ ಕಾರಣ ಬರೆಯಲು ವೈದ್ಯರಿಗೆ ಆಧಾರವೇ ಇರುವುದಿಲ್ಲ. ಸತ್ತದ್ದು ಕಂಡ ಕೂಡಲೇ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ, ಕಳೇಬರವನ್ನು ನೆರಳಿಗೆ ಎಳೆದು ಒದ್ದೆ ಗೋಣಿ ಹೊದಿಸಿ. ಹಿಂಡು ಎಲ್ಲಿದೆಯೋ ಆ ಊರಿನ ವೈದ್ಯರಿಂದಲೇ ಮರಣೋತ್ತರ ಪರೀಕ್ಷೆ ಮಾಡಿಸಿ, ಸ್ವಂತ ಊರಿಗೆ ಸಾಗಿಸುವ ಯೋಚನೆ ಬೇಡ. ಕುರಿ ಇನ್ನೂ ಬದುಕಿದ್ದು ನರಳುತ್ತಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ವಾಹನ ಇದ್ದಲ್ಲಿಗೆ ಬರುತ್ತದೆ.

ಕೊಯ್ಯಲೇಬಾರದ ಸಂದರ್ಭ ಒಂದಿದೆ. ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ ರೋಗ (ಅಂಥ್ರಾಕ್ಸ್) ಇರಬಹುದು. ಚರ್ಮ ಸುಲಿಯುವುದು, ಹೊಟ್ಟೆ ಸೀಳುವುದು ಎರಡೂ ಬೇಡ. ಅದು ಮನುಷ್ಯರಿಗೂ ಹತ್ತುತ್ತದೆ, ಅದರ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ವೈದ್ಯರು ಕಿವಿಯ ನಾಳದಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯಲ್ಲಿ ಲೇಪಿಸಿ ಪರೀಕ್ಷಿಸುತ್ತಾರೆ. ಪರಿಹಾರದ ಕಾಗದಕ್ಕೂ ಅದೇ ಆಧಾರವಾಗುತ್ತದೆ. ಆರಡಿ ಗುಂಡಿ ತೋಡಿ, ಮೇಲೆ ಕೆಳಗೆ ಸುಣ್ಣ ಹಾಕಿ ಹೂಳಬೇಕು.

ಫೋಟೋ ತೆಗೆಯುವ ಕ್ರಮ: ಒಂದು ಇಡೀ ಕಳೇಬರ, ಒಂದು ಕಿವಿ ಓಲೆಯ 12 ಅಂಕಿ ಓದುವಂತೆ ಹತ್ತಿರದಿಂದ, ಒಂದು ಮಾಲೀಕರು ಪಕ್ಕದಲ್ಲಿ ನಿಂತಂತೆ. ಜಾಗ, ದಿನಾಂಕ ಮೂಡುವ ಕ್ಯಾಮೆರಾ ಆ್ಯಪ್ ಬಳಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ (ರೈತರ ಸರ್ಕಾರಿ ನೋಂದಣಿ) ಗುರುತಿನ ಸಂಖ್ಯೆ ಸಿದ್ಧವಿರಲಿ. ಹಣ ಖಾತೆಗೆ ನೇರವಾಗಿ ಬರುವುದರಿಂದ ಆಧಾರ್ ಜೋಡಣೆ ಆಗದ ಖಾತೆ ಕೊಟ್ಟರೆ ಮಂಜೂರಾದ ಮೇಲೂ ಹಿಂದಕ್ಕೆ ಹೋಗುತ್ತದೆ.

ಮಂದೆ_40

ಮೇಡಂ, ಓಲೆ ಹಾಕಿಸಿದರೆ ಜಾಲಿ ಪೊದೆಗೆ ಸಿಕ್ಕಿ ಕಿವಿ ಹರಿಯುತ್ತದೆ ಎಂಬ ಕಾರಣಕ್ಕೇ ಈ ಭಾಗದಲ್ಲಿ ಯಾರೂ ಹಾಕಿಸುತ್ತಿಲ್ಲ. ಒಂದಷ್ಟು ಕಡೆ ಹುಳ ಬಿದ್ದದ್ದೂ ಇದೆ. ಅದಕ್ಕೆ ಏನು ದಾರಿ?

ಪಶುವೈದ್ಯೆ

ಕಿವಿ ಹರಿಯುವುದಕ್ಕೆ ಹೆಚ್ಚಿನ ಸಲ ಕಾರಣ ಓಲೆಯ ಜಾಗ. ಕಿವಿಯ ತುದಿಗೆ ಹಾಕಿದರೆ ಅದು ಜೋತಾಡುತ್ತದೆ, ಪೊದೆಗೆ ಸಿಗುತ್ತದೆ. ಕಿವಿಯನ್ನು ಮೂರು ಭಾಗ ಮಾಡಿಕೊಂಡರೆ ಬುಡದ ಕಡೆಯಿಂದ ಮೊದಲ ಭಾಗ ಮುಗಿದು ಎರಡನೆಯದು ಶುರುವಾಗುವ ಕಡೆ, ಎರಡು ಮೃದ್ವಸ್ಥಿ ಗೆರೆಗಳ ನಡುವೆ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ಬೆಳಕಿಗೆ ಎದುರಾಗಿ ಕಿವಿ ಹಿಡಿದರೆ ನಾಳ ಕಾಣುತ್ತದೆ. ಮೊನೆಯ ಭಾಗ ಕಿವಿಯ ಹಿಂಬದಿಯಿಂದ ಬರಲಿ, ಸಂಖ್ಯೆ ಎದುರಿಗೆ ಕಾಣಲಿ. ಓಲೆಯ ಎರಡು ಬಿಲ್ಲೆಗಳ ನಡುವೆ ಸ್ವಲ್ಪ ಸಂದು ಇರಬೇಕು, ಕಿವಿ ಬೆಳೆಯುವ ಮರಿಗಳಲ್ಲಿ ಇದು ಬಹಳ ಮುಖ್ಯ.

ನೊಣ ಕಡಿಮೆ ಇರುವ ಹೊತ್ತಿನಲ್ಲಿ ಹಾಕಿಸಿ. ಚುಚ್ಚುವ ಮೊದಲು ಓಲೆಯ ಮೊನೆಯನ್ನೂ ಕಿವಿಯನ್ನೂ ಟಿಂಚರ್ ಅಯೋಡಿನ್‌ನಿಂದ ಒರೆಸಿ, ಆಮೇಲೆ ಬೇವಿನೆಣ್ಣೆ ಅಥವಾ ನೊಣ ಕೂರದ ಮುಲಾಮು ಹಚ್ಚಿ. ಹತ್ತು ದಿನ ದಿನಕ್ಕೊಮ್ಮೆ ಕೈಯಿಂದ ಓಲೆಯನ್ನು ಮೆಲ್ಲಗೆ ತಿರುಗಿಸಿದರೆ ಗಾಯ ಒಣಗುತ್ತದೆ.

ಓಲೆ ಬಿದ್ದುಹೋದರೆ ಸುಮ್ಮನಿರಬೇಡಿ. ಹೊಸದು ಹಾಕಿಸಿ, ಓಲೆ ಸಂಖ್ಯೆಗಳು ದಾಖಲಾಗುವ ಭಾರತ್ ಪಶುಧನ್ ದತ್ತಾಂಶದಲ್ಲಿ ಹಳೆಯ ಸಂಖ್ಯೆಯ ಜಾಗಕ್ಕೆ ಹೊಸದನ್ನು ಸೇರಿಸಲು ಹೇಳಿ. ವಿಮೆ ಇದ್ದರೆ ಕಂಪನಿಗೂ ಲಿಖಿತವಾಗಿ ತಿಳಿಸಿ. ವಿಮೆಯವರ ನಿಯಮ ಸರಳ, ಓಲೆ ಇಲ್ಲದಿದ್ದರೆ ಹಣ ಇಲ್ಲ.

ಬ್ಯಾಂಕ್_ಕೌಂಟರ್

ವಿಮೆಯ ವಿಷಯ ಬಂತು, ಲೆಕ್ಕ ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಎನ್‌ಎಲ್‌ಎಂ ತಿದ್ದುಪಡಿ ಮಾಡಿದಾಗ ಸಾಕಣೆದಾರರ ಪ್ರೀಮಿಯಂ ಪಾಲನ್ನು 15%ಗೆ ಇಳಿಸಿತು, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಕುರಿ ಮೇಕೆಗೆ ಮಿತಿಯನ್ನು 5ರಿಂದ 10 ಜಾನುವಾರು ಘಟಕಕ್ಕೆ ಏರಿಸಿದರು. 10 ಕುರಿಗೆ ಒಂದು ಘಟಕ, ಹಾಗಾಗಿ 100 ಕುರಿವರೆಗೆ ರಿಯಾಯಿತಿ. ನಿಮ್ಮ 42 ಪೂರ್ತಿ ಒಳಗೆ ಬರುತ್ತವೆ. ಒಂದು ಕುರಿಯ ಒಟ್ಟು ಪ್ರೀಮಿಯಂ 400 ಎಂದಿಟ್ಟುಕೊಂಡರೆ ನಿಮ್ಮ ಕೈಯಿಂದ 60, ಇಡೀ ಹಿಂಡಿಗೆ 2,520.

ಅನುಗ್ರಹ ಇರುವಾಗ ವಿಮೆ ಯಾಕೆ ಎಂದು ಕೇಳುವವರಿದ್ದಾರೆ. ಅನುಗ್ರಹದ ಮೊತ್ತ ನಿಗದಿಯಾದದ್ದು, ಅನುದಾನ ಬಂದಂತೆ ಬಿಡುಗಡೆಯಾಗುತ್ತದೆ. ವಿಮೆ ಕರಾರು. 14,000 ಬೆಲೆಯ ಟಗರಿಗೆ ಅನುಗ್ರಹ 7,500 ಕೊಟ್ಟರೆ ಉಳಿದದ್ದು ನಷ್ಟವೇ. ಬೆಲೆಬಾಳುವ ಟಗರು, ಗಬ್ಬದ ಕುರಿಗಳಿಗಾದರೂ ವಿಮೆ ಮಾಡಿಸಿ.

ಪಾಲಿಸಿ ಮಾಡಿಸುವಾಗ ಮೂರು ಕಡೆ ಕಣ್ಣಿಡಿ. ಶುರುವಾದ ಮೊದಲ ಕೆಲವು ದಿನ ರೋಗದ ಸಾವಿಗೆ ರಕ್ಷಣೆ ಇರುವುದಿಲ್ಲ, ಎಷ್ಟು ದಿನ ಎಂದು ಓದಿಸಿ ಕೇಳಿ. ವಲಸೆ ಹೋಗುವ ತಾಲ್ಲೂಕುಗಳ ಹೆಸರನ್ನು ಅರ್ಜಿಯಲ್ಲೇ ಬರೆಸಿ. ಬೆಲೆಯನ್ನು ವಯಸ್ಸು, ತೂಕಕ್ಕೆ ತಕ್ಕಂತೆ ಪ್ರಾಣಿಗೊಂದರಂತೆ ನಮೂದಿಸಿ, ಇಡೀ ಹಿಂಡಿಗೆ ಒಂದೇ ಸರಾಸರಿ ಬೇಡ.

ಕ್ಲೇಮಿಗೆ ಪಾಲಿಸಿ ಪ್ರತಿ, ಮರಣೋತ್ತರ ವರದಿ, ಫೋಟೋ, ಜೊತೆಗೆ ಕಿವಿಯಿಂದ ತೆಗೆದ ಓಲೆ ಬೇಕು. ಓಲೆಯನ್ನು ವೈದ್ಯರ ಎದುರಿಗೇ ತೆಗೆಯಿರಿ, ಫೋಟೋ ತೆಗೆಯುವ ಮೊದಲು ಮುಟ್ಟಬೇಡಿ.

ಈಗ ಕಿಸಾನ್ ಕ್ರೆಡಿಟ್ ಕಾರ್ಡ್. ಜಮೀನು ಇಲ್ಲದ ಕುರಿಗಾಹಿಗೂ ಪಶುಪಾಲನೆಯ ಕೆಸಿಸಿ ಕೊಡಬಹುದು, ಪಹಣಿ ಇಲ್ಲವೆಂದು ವಾಪಸ್ ಕಳಿಸುವುದು ನಿಯಮವಲ್ಲ. ಇದು ಕುರಿ ಕೊಳ್ಳುವ ಸಾಲ ಅಲ್ಲ, ಮೇವು, ಹಿಂಡಿ, ಔಷಧಿ, ಕೂಲಿಯಂಥ ಓಡಾಟದ ಖರ್ಚಿಗೆ. ಒಂದು ಕುರಿಗೆ ಎಷ್ಟು ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿಮಾಡುತ್ತದೆ. 2 ಲಕ್ಷದವರೆಗೆ ಬಡ್ಡಿ 7%, ಗಡುವಿನೊಳಗೆ ಕಟ್ಟಿದರೆ ಇನ್ನೂ 3% ರಿಯಾಯಿತಿ ಸಿಕ್ಕಿ 4% ಆಗುತ್ತದೆ. 2025ರ ಜನವರಿ 1ರಿಂದ 2 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಗಡುವು ಒಂದು ದಿನ ಮೀರಿದರೂ 3% ಹೋಗುತ್ತದೆ, ಆದ್ದರಿಂದ ಮರುಪಾವತಿಯ ತಿಂಗಳನ್ನು ನೀವು ಮರಿ ಮಾರುವ ತಿಂಗಳ ಮೇಲೆ ಬರುವಂತೆ ಮೊದಲೇ ಕೇಳಿಕೊಳ್ಳಿ. ಬಕ್ರೀದ್‌ಗೆ ಟಗರು ಮಾರುವವರು ಆ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊಸ_ಘಟಕ

100+5 ಘಟಕಕ್ಕೇ ಅರ್ಜಿ ಹಾಕುವವರಿಗೆ ಎನ್‌ಎಲ್‌ಎಂ ಬಗ್ಗೆ ಇನ್ನಷ್ಟು ಹೇಳಿ ಸರ್. ನೀರಾವರಿ 3 ಎಕರೆ ಇದ್ದರೆ ಸಾಕೇ?

ಬ್ಯಾಂಕ್_ಕೌಂಟರ್

ಸಬ್ಸಿಡಿ ಬಂಡವಾಳ ವೆಚ್ಚದ 50%. ಗರಿಷ್ಠ ಮಿತಿ 100+5ಕ್ಕೆ 10 ಲಕ್ಷ, 200+10ಕ್ಕೆ 20, ಹೀಗೆ ಏರುತ್ತ 500+25ಕ್ಕೆ 50 ಲಕ್ಷ. ಜಮೀನು ಕೊಳ್ಳಲು, ಬಾಡಿಗೆಗೆ, ಸ್ವಂತ ವಾಹನಕ್ಕೆ, ದಿನದ ಖರ್ಚಿಗೆ ಇದು ಅನ್ವಯಿಸದು. ಶೆಡ್, ಕುರಿ, ಮೇವು ಕತ್ತರಿಸುವ ಯಂತ್ರ, ಮೇವಿನ ಬೆಳೆ ಇಂಥವಕ್ಕೆ ಸಿಗುತ್ತದೆ.

ಅರ್ಜಿ ಪೋರ್ಟಲ್‌ನಿಂದ ರಾಜ್ಯದ ಅನುಷ್ಠಾನ ಸಂಸ್ಥೆಗೆ ಹೋಗುತ್ತದೆ, ಅಲ್ಲಿಂದ ಬ್ಯಾಂಕಿಗೆ. ಬ್ಯಾಂಕ್ ಸಾಲ ಒಪ್ಪಿದ ಮೇಲೆ ರಾಜ್ಯ ಸಮಿತಿ ಶಿಫಾರಸು ಮಾಡುತ್ತದೆ, ಆಮೇಲೆ ಕೇಂದ್ರದ ಒಪ್ಪಿಗೆ. ಹಣ ಎರಡು ಕಂತಿನಲ್ಲಿ, ಸಿಡ್ಬಿ (ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್) ಮೂಲಕ ನಿಮ್ಮ ಬ್ಯಾಂಕಿಗೆ ಬರುತ್ತದೆ. ಕೈಗೆ ನಗದು ಬರುವುದಿಲ್ಲ. ಎರಡನೇ ಕಂತು ಘಟಕ ಪೂರ್ತಿಯಾಗಿ ಅಧಿಕಾರಿಗಳು ಬಂದು ನೋಡಿದ ಮೇಲೆ.

ಇಲ್ಲೇ ಜನ ಮುಗ್ಗರಿಸುತ್ತಾರೆ. 20 ಲಕ್ಷದ ಯೋಜನೆಗೆ 2 ಲಕ್ಷ ಕೈಯಿಂದ ಹಾಕಿ 18 ಲಕ್ಷ ಸಾಲ ಎತ್ತಿದರೆ, ಸಬ್ಸಿಡಿ ಜಮೆಯಾಗುವ ತನಕ ಬಡ್ಡಿ ಪೂರ್ತಿ 18 ಲಕ್ಷದ ಮೇಲೆ ಓಡುತ್ತದೆ. 11% ಬಡ್ಡಿ ಹಿಡಿದರೆ ತಿಂಗಳಿಗೆ 16,500. ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಹುಟ್ಟಿದ ಮರಿ ಮಾರಾಟದ ತೂಕಕ್ಕೆ ಬರಲು ಇನ್ನೂ ಐದಾರು ತಿಂಗಳು. ಗಬ್ಬ ನಿಲ್ಲದ ಕುರಿ ತಂದರೆ ಮೊದಲ ರೂಪಾಯಿ ನೋಡಲು 11 ತಿಂಗಳಾದರೂ ಬೇಕು. ಸಾಲದ ಕಂತು ಆರಂಭವಾಗಲು ಕನಿಷ್ಠ 12 ತಿಂಗಳ ಬಿಡುವು ಕೇಳಿ, ಮಂಜೂರಾತಿ ಪತ್ರದಲ್ಲೇ ಅದು ಬರಲಿ. ಮೊದಲ ವರ್ಷದ ಬಡ್ಡಿ, ಮೇವು, ಕೂಲಿಗೆ ಬೇರೆ ಹಣ ಕೈಯಲ್ಲಿಲ್ಲದಿದ್ದರೆ ಈ ಯೋಜನೆಗೆ ಕೈಹಾಕುವುದು ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಬ್ಸಿಡಿಯ ಆಸೆಗೆ ಸಾಲ ಎತ್ತಿ, ಎಂಟನೇ ತಿಂಗಳಲ್ಲಿ ಗಬ್ಬದ ಕುರಿಯನ್ನೇ ಮಾರಿ ಬಡ್ಡಿ ಕಟ್ಟುವ ಸ್ಥಿತಿಗೆ ಬಂದರೆ ಘಟಕ ಮತ್ತೆ ಏಳುವುದಿಲ್ಲ.

ದೊಡ್ಡಿ_ಕೆಲಸ

ಮೇವು ಮತ್ತು ಶೆಡ್ಡಿನ ಲೆಕ್ಕ ನಾನು ಹಾಕುತ್ತೇನೆ. ದೊಡ್ಡ ಕುರಿಗೆ ದಿನಕ್ಕೆ 4 ಕಿಲೋ ಹಸಿ ಮೇವು ಹಿಡಿಯಿರಿ. 105 ಕುರಿಗೆ 420 ಕಿಲೋ. 100 ಮರಿಗೆ ತಲಾ ಒಂದೂವರೆ ಕಿಲೋ, 150. ಒಟ್ಟು 570 ಕಿಲೋ, ವರ್ಷಕ್ಕೆ ಸುಮಾರು 208 ಟನ್. ನೇಪಿಯರ್ ಹುಲ್ಲು ಎಕರೆಗೆ 150 ಟನ್ ಎಂದು ಕರಪತ್ರದಲ್ಲಿ ಇರುತ್ತದೆ. ರೈತರ ಹೊಲದಲ್ಲಿ, ಬೇಸಿಗೆಯ ವಿದ್ಯುತ್ ಕೊರತೆಯಲ್ಲಿ, 80ರ ಮೇಲೆ ಲೆಕ್ಕ ಹಾಕಬೇಡಿ. ಹಾಗಾದರೆ 2.6 ಎಕರೆ ಹುಲ್ಲಿಗೇ ಬೇಕು. ಬರಿ ನೇಪಿಯರ್ ತಿಂದ ಮರಿ ಬೆಳೆಯುವುದಿಲ್ಲ, ಕುದುರೆಮೆಂತೆ, ಅಲಸಂದೆ, ಹೊಲದ ಬದುವಿಗೆ ಅಗಸೆ, ಸುಬಾಬುಲ್ ಬೇಕು. 3 ಎಕರೆ ಸರಿಯಾಗುತ್ತದೆ, ಆದರೆ ಕೊಳವೆಬಾವಿ ಏಪ್ರಿಲ್‌ನಲ್ಲೂ ನೀರು ಕೊಡಬೇಕು. ಹುಲ್ಲು ನಾಟಿ ಮಾಡಿ 75 ದಿನ ಕಳೆದ ಮೇಲೆ ಕುರಿ ತನ್ನಿ, ಕುರಿ ತಂದ ಮೇಲೆ ನಾಟಿ ಮಾಡುವುದಲ್ಲ. ಒಣಮೇವಿಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟನ್ನು ಸುಗ್ಗಿಯಲ್ಲೇ ಕೊಂಡು ತುಂಬಿಸಿ.

ಶೆಡ್: ಹೆಣ್ಣು ಕುರಿಗೆ 10 ಚದರಡಿ, ಟಗರಿಗೆ 20, ಮರಿಗೆ 4. ಅಂದಾಜು 1,500 ಚದರಡಿ ಚಾವಣಿ, ಅದರ ಎರಡರಷ್ಟು ಬಯಲು ಅಂಗಳ. ಉದ್ದ ಪೂರ್ವ ಪಶ್ಚಿಮಕ್ಕಿರಲಿ, ಅಗಲ 20ರಿಂದ 25 ಅಡಿ ದಾಟದಿರಲಿ. ಎತ್ತರದ ಹಲಗೆ ನೆಲ ಚೆನ್ನಾಗಿ ಕಾಣುತ್ತದೆ, ಹಣವನ್ನೆಲ್ಲ ಅದೇ ನುಂಗುತ್ತದೆ. ಒಣ ಹವೆಯ ಜಿಲ್ಲೆಗಳಲ್ಲಿ ಬಯಲು ನೆಲಕ್ಕೆ ಮೊರಂ ಹಾಕಿ ನೀರು ಹರಿದುಹೋಗುವಂತೆ ಇಳಿಜಾರು ಕೊಟ್ಟರೆ ಸಾಕು. ಎತ್ತರದ ನೆಲವನ್ನೇ ಮಾಡುವವರು ಹಲಗೆ ಸಂದು 1ರಿಂದ 1.5 ಸೆಂಟಿಮೀಟರ್ ಇಡಿ. ಹೆಚ್ಚಾದರೆ ಮರಿಗಳ ಗೊರಸು ಸಿಕ್ಕಿ ಕಾಲು ಮುರಿಯುತ್ತದೆ, ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳದೆ ಕಟ್ಟಿಕೊಳ್ಳುತ್ತದೆ.

ಕೊಪ್ಪಳ_ಕೆಂಗುರಿ

ಕುರಿ ತರೂದು ಹೆಂಗ ಅನ್ನೂದ ಯಾರೂ ಬರೀಲಿಲ್ಲ. 100 ಕುರಿ ಒಂದ ದಿನ ಅಮೀನಗಡ, ಕೆರೂರ ಸಂತ್ಯಾಗ ತುಂಬ್ಕೊಂಡ ಬಂದು ಶೆಡ್ಡಿಗೆ ಹಾಕಿದ್ರ ಹತ್ತ ಮಂದಿ ಹಿಂಡಿನ ಬ್ಯಾನಿ ಒಂದ ಕಡೆ ಕೂಡಿಸಿದಂಗ. ಎರಡ ಸಲ ತರ್ರಿ, ಒಂದ್ ಸಲಕ್ಕ 50. ಆದಷ್ಟ ಒಬ್ಬ ಕುರಿಗಾರನ ಹಿಂಡಿನಿಂದ ಕೊಳ್ರಿ. ತಂದ ಕುರಿ 21 ದಿನ ಬ್ಯಾರೆ ಕಡೆ ನಿಲ್ಲಸ್ರಿ. ತಳಿ ನಿಮ್ಮ ಹವಾಕ್ಕ ಹೊಂದೂದ ಇರಲಿ: ರಾಯಚೂರು ಕೊಪ್ಪಳಕ್ಕ ಕೆಂಗುರಿ, ಬಾಗಲಕೋಟಿ ಕಡೆ ಎಳಗ, ಬಳ್ಳಾರಿ ಚಿತ್ರದುರ್ಗಕ್ಕ ಬಳ್ಳಾರಿ, ಮಂಡ್ಯ ಮೈಸೂರ ಕಡೆ ಬನ್ನೂರು. ಅವಳಿ ಮರಿ ಆಸೆಗೆ ನಾರಿ ಸುವರ್ಣ ತರೋರು ಹಾಲು ಸಾಲದ ಮರಿಗೆ ಬಾಟ್ಲಿ ಹಿಡಿಯೋ ಕೆಲಸಕ್ಕೂ ತಯಾರ ಇರಬೇಕು.

ಪಶುವೈದ್ಯೆ

ಆ 21 ದಿನದ ಮಾತು ಬಂಗಾರದಂಥದ್ದು. ಹೊಸ ಘಟಕಗಳಲ್ಲಿ ಮೊದಲ ತಿಂಗಳಲ್ಲೇ ಸಾವು ಕಾಣುವುದು ಪಿಪಿಆರ್ ಎಂಬ ಸಾಂಕ್ರಾಮಿಕ ರೋಗದಿಂದ. ಜ್ವರ, ಕಣ್ಣು ಮೂಗಿನ ಸೋರಿಕೆ, ಬಾಯಿ ಹುಣ್ಣು, ಆಮೇಲೆ ಭೇದಿ. ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ದೇಶದಲ್ಲಿ 2030ರೊಳಗೆ ಈ ರೋಗವನ್ನು ಇಲ್ಲವಾಗಿಸುವ ಗುರಿಯಿದೆ. ನಾಲ್ಕು ತಿಂಗಳು ತುಂಬಿದ ಕುರಿಗೆ 1 ಮಿಲಿ ಚರ್ಮದಡಿ, ಒಮ್ಮೆ ಹಾಕಿದರೆ ಮೂರು ವರ್ಷ ರಕ್ಷಣೆ. ದ್ರವದಲ್ಲಿ ಕದಡಿದ ಲಸಿಕೆಯನ್ನು ಐಸ್ ಮೇಲಿಟ್ಟುಕೊಂಡು ಎರಡು ತಾಸಿನೊಳಗೆ ಮುಗಿಸಬೇಕು. ಒಂದು ಬಾಟಲಿಯಲ್ಲಿ 100 ಡೋಸ್ ಇರುವ ಕಾರಣ 40 ಕುರಿಗೆ ಒಂದನ್ನು ಒಡೆಯಲು ಆಸ್ಪತ್ರೆಯವರು ಹಿಂದೇಟು ಹಾಕುತ್ತಾರೆ. ಅಕ್ಕಪಕ್ಕದ ಎರಡು ಮೂರು ಹಿಂಡು ಒಂದೇ ದಿನ, ಬೆಳಗಿನ ತಂಪಿನಲ್ಲಿ, ಒಂದೇ ಕಡೆ ಕೂಡಿಸಿಕೊಂಡು ಕರೆದರೆ ಕೆಲಸ ಆಗುತ್ತದೆ. ಒಂದು ಹಿಂಡಿನಲ್ಲಿ ಭೇದಿ, ಜ್ವರ ಇದ್ದರೆ ಆ ಹಿಂಡನ್ನು ಮಾತ್ರ ಕೂಡಿಸಬೇಡಿ.

ವಲಸೆ ಹೋಗುವವರಿಗೆ ಕರುಳುಬೇನೆಯ ಲಸಿಕೆ ಇನ್ನೂ ಮುಖ್ಯ. ಒಣ ಹುಲ್ಲು ತಿಂದುಕೊಂಡಿದ್ದ ಕುರಿ ಒಮ್ಮೆಲೇ ಕೊಯ್ದ ಭತ್ತದ, ಜೋಳದ ಗದ್ದೆಗೆ ಇಳಿದು ಉದುರಿದ ಕಾಳು, ಹೊಸ ಚಿಗುರು ತಿಂದಾಗ ಕರುಳಿನಲ್ಲಿರುವ ಸೂಕ್ಷ್ಮಾಣು ಉಕ್ಕಿ ವಿಷ ಬಿಡುತ್ತದೆ. ಮೊದಲು ಸಾಯುವುದು ಹಿಂಡಿನ ಪುಷ್ಟ ಮರಿಗಳೇ. ಮೊದಲ ಸಲ ಹಾಕಿಸುವವರು ಎರಡು ಡೋಸ್, 14ರಿಂದ 21 ದಿನದ ಅಂತರದಲ್ಲಿ, ಹೊರಡುವ ಎರಡು ವಾರ ಮೊದಲೇ ಮುಗಿಸಿ. ಒಂದೇ ಡೋಸ್ ಹಾಕಿಸಿ ಹೊರಟರೆ ನಂಬುವಷ್ಟು ರಕ್ಷಣೆ ಬರುವುದಿಲ್ಲ. ಹೊಸ ಗದ್ದೆಗೆ ಮೊದಲ ಮೂರು ದಿನ ಒಣಮೇವು ತಿನ್ನಿಸಿಯೇ, ತಾಸು ಎರಡು ತಾಸು ಮಾತ್ರ ಬಿಡಿ.

ಜಂತುನಾಶಕದಲ್ಲಿ ಆಗುವ ತಪ್ಪು, ಎಲ್ಲಕ್ಕೂ ಒಂದೇ ಮುಚ್ಚಳ ಕುಡಿಸುವುದು. ಒಂದು ಗುಂಪಿನ ಅತಿ ದೊಡ್ಡ ಕುರಿಯ ತೂಕ ನೋಡಿ ಆ ಗುಂಪಿಗೆಲ್ಲ ಆ ಪ್ರಮಾಣ ಕೊಡಿ, ಕಡಿಮೆ ಕೊಟ್ಟರೆ ಹುಳುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ. ಟಗರು ಹಾರಿಸಿದ ಮೊದಲ ತಿಂಗಳು ಆಲ್ಬೆಂಡಜೋಲ್ ಬೇಡ. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ: ಕೆಂಪಗಿದ್ದರೆ ಔಷಧಿ ಬೇಕಿಲ್ಲ, ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದ್ದರೆ ತಡಮಾಡಬೇಡಿ.

ಮಂದೆ_40

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪ್ರಶ್ನೆ ಉಳಿದಿದೆ. ಮಂದೆ ನವೆಂಬರ್ ಕೊನೆಗೆ ಹೊರಡುತ್ತದೆ. ಓಲೆ, ಲಸಿಕೆ, ವಿಮೆ, ಸದಸ್ಯತ್ವ, ಇವುಗಳಲ್ಲಿ ಯಾವುದು ಮೊದಲು?

ಸಂಘದ_ಕಾರ್ಯದರ್ಶಿ

ಸೆಪ್ಟೆಂಬರ್‌ನಲ್ಲಿ ಫ್ರೂಟ್ಸ್ ಸಂಖ್ಯೆ, ಆಧಾರ್ ಜೋಡಿಸಿದ ಖಾತೆ, ಸಂಘದ ಷೇರು. ಈ ಮೂರಕ್ಕೆ ಕುರಿ ಮುಟ್ಟುವ ಕೆಲಸವೇ ಇಲ್ಲ. ಅಕ್ಟೋಬರ್ ಮೊದಲ ವಾರ ಪಿಪಿಆರ್ ಮತ್ತು ಓಲೆಗೆ ಆಸ್ಪತ್ರೆಯವರ ದಿನ ಗೊತ್ತುಮಾಡಿ. ವಿಮೆಗೆ ಓಲೆ ಸಂಖ್ಯೆ ಬೇಕಾದ್ದರಿಂದ ಅದು ಓಲೆಯಾದ ವಾರದಲ್ಲೇ ಆಗಲಿ. ಆಗ ಪಾಲಿಸಿಯ ಕಾಯುವ ದಿನಗಳು ಊರಲ್ಲೇ ಕಳೆದುಹೋಗುತ್ತವೆ.

ಪಶುವೈದ್ಯೆ

ಕರುಳುಬೇನೆಯ ಮೊದಲ ಡೋಸ್ ಅಕ್ಟೋಬರ್ 20ರ ಹೊತ್ತಿಗೆ, ಎರಡನೆಯದು ನವೆಂಬರ್ 10ರೊಳಗೆ. ಪಿಪಿಆರ್ ಹಾಕಿಸಿದ ದಿನವೇ ಎಲ್ಲವನ್ನೂ ಚುಚ್ಚಿಸುವ ಆತುರ ಬೇಡ. ತಿಂಗಳು ತುಂಬಿದ ಗಬ್ಬದ ಕುರಿಗಳನ್ನು ಹಿಡಿದು ಉರುಳಿಸಬೇಡಿ, ನಿಂತಲ್ಲೇ ಹಾಕಿಸಿ. ಎರಡನೇ ಡೋಸಿನ ದಿನ ಕೊಪ್ಪಳದವರು ಹೇಳಿದ ಪತ್ರಕ್ಕೂ ಸಹಿ, ಮೊಹರು ಹಾಕಿಸಿಕೊಳ್ಳಿ. ಆಗ ಲಸಿಕೆಯ ಎಲ್ಲ ದಿನಾಂಕಗಳೂ ಅದರಲ್ಲಿ ಬಂದಿರುತ್ತವೆ.